ಖಾಲಿ ಸೀಟಿನ ಲೆಕ್ಕ



ದಿನನಿತ್ಯದ ಓಡಾಟದಿಂದ ಹೊರಬೀಳುವ ಇಂಗಾಲವನ್ನು ಕಡಿಮೆ ಮಾಡುವುದು ಹೇಗೆ ಎಂಬ ವಿಷಯಕ್ಕೆ ಆಶಯ ಭಾಷಣ ಮಾಡಲು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನಗೂ ಅನಿಸಿತು. ವಾತಾವರಣದ ವಿಜ್ಞಾನ ಹೇಳುವ ಅರ್ಹತೆ ನನಗಿಲ್ಲ. ಲೆಕ್ಕ ಹೇಳಬಲ್ಲೆ, ಹಳೆಯ ಖಾತೆಗಳನ್ನು ತಿರುವಿಹಾಕುವ ಚಟವೂ ಇದೆ. ಹಾಗಾಗಿ ಇವತ್ತು ನಾನು ಹೇಳಹೊರಟಿರುವುದು ಒಂದು ಚರಿತ್ರೆ, ಸೀಟಿನ ಚರಿತ್ರೆ. ಒಂದು ವಾಹನದಲ್ಲಿ ಎಷ್ಟು ಸೀಟು ತುಂಬಿದೆ, ಎಷ್ಟು ಖಾಲಿ ಓಡುತ್ತಿದೆ ಎಂಬುದರ ಕಥೆ.

ನಾವು ಸೇರಿರುವ ಈ ಸಲ್ಮಾಬಾದ್ ಆ ಮಾತಿಗೆ ತಕ್ಕ ಜಾಗ. ಬಹರೈನ್‌ನಲ್ಲಿ ಕಾರಿಗೆ ಗೀರು ಬಿದ್ದರೆ, ಎಸಿ ಕೈಕೊಟ್ಟರೆ, ಗೇರ್‌ಬಾಕ್ಸ್ ಸದ್ದು ಮಾಡಿದರೆ ಅನೇಕರು ಬರುವುದು ಇಲ್ಲಿಗೇ. ಗ್ಯಾರೇಜು, ಬಿಡಿಭಾಗದ ಅಂಗಡಿ, ಗೋದಾಮು, ಅವುಗಳ ನಡುವೆ ಕೆಲಸಗಾರರ ಕ್ಯಾಂಪು. ಬೆಳಿಗ್ಗೆ ಐದಕ್ಕೆ ಇಲ್ಲಿ ನಿಂತು ನೋಡಿ. ಕ್ಯಾಂಪಿನ ಬಾಗಿಲಿಂದ ಟಾಟಾ, ಅಶೋಕ್ ಲೇಲ್ಯಾಂಡ್ ಬಸ್ಸುಗಳು ಸೀಟು ತುಂಬಿಕೊಂಡು ಹೊರಡುತ್ತವೆ. ಏಳಕ್ಕೆ ಮತ್ತೆ ನೋಡಿ. ನಮ್ಮಂಥವರ ಕಾರುಗಳು ಒಂದರ ಹಿಂದೊಂದು ಸಾಲುಗಟ್ಟಿರುತ್ತವೆ, ಹೆಚ್ಚಿನವುಗಳಲ್ಲಿ ಒಬ್ಬರೇ. ಐದರ ಬಸ್ಸಿನಿಂದ ಏಳರ ಕಾರಿಗೆ ದಾಟುವುದನ್ನೇ ನಾವೆಲ್ಲ ಗಲ್ಫ್‌ನಲ್ಲಿ ‘ಉದ್ಧಾರ’ ಅನ್ನುತ್ತೇವೆ. ಬಸ್ಸಿನಲ್ಲಿ ಬಂದವನು ಲೈಸೆನ್ಸ್ ಪಡೆದು ಕಾರು ತೆಗೆದುಕೊಂಡ ದಿನ ಊರಿಗೆ ಫೋಟೋ ಹೋಗುತ್ತದೆ. ನಾನೂ ಕಳಿಸಿದ್ದೇನೆ.

ಈ ದ್ವೀಪದಲ್ಲಿ ಯಾವಾಗಲೂ ಹೀಗಿರಲಿಲ್ಲ. ಇಲ್ಲಿನ ಬಿಳಿ ಕತ್ತೆಗಳು ಒಂದು ಕಾಲಕ್ಕೆ ಪ್ರಸಿದ್ಧವಾಗಿದ್ದವು. ಊಟೆಯ ಸಿಹಿನೀರು ಮನೆಮನೆಗೆ ಬರುತ್ತಿದ್ದದ್ದು ಅವುಗಳ ಬೆನ್ನ ಮೇಲೆ. ಮುಹರ್ರಕ್‌ನಿಂದ ಮನಾಮಾಕ್ಕೆ ಬರಬೇಕಾದವರು ದೋಣಿ ಹತ್ತುತ್ತಿದ್ದರು, ದೋಣಿ ಎಂದರೆ ಹಂಚಿಕೊಂಡ ಸವಾರಿಯೇ. 1932ರಲ್ಲಿ ಜೆಬೆಲ್ ದುಖಾನ್ ಬಳಿ ಎಣ್ಣೆ ಚಿಮ್ಮಿತು. ಗಲ್ಫ್‌ನ ಅರಬ್ ದಡದಲ್ಲಿ ಅದೇ ಮೊದಲು. 1936ಕ್ಕೆ ರಿಫೈನರಿ ಶುರುವಾಯಿತು. ಭಾರತದಿಂದ ಗುಮಾಸ್ತರು, ಕುಶಲಕರ್ಮಿಗಳು ಬರತೊಡಗಿದರು. ನಮ್ಮ ವೃತ್ತಿಯ ಹಿರೀಕರೂ, ಅಂದರೆ ಲೆಕ್ಕ ಬರೆಯುವವರೂ, ಅವರಲ್ಲಿದ್ದರು. 1940ರ ದಶಕದ ಆರಂಭದಲ್ಲಿ ಮುಹರ್ರಕ್‌ಗೆ ಕಾಸ್‌ವೇ ಆಯಿತು, ದೋಣಿಯವರ ಬದುಕು ಸೊರಗಿತು. 1986ರ ನವೆಂಬರಿನಲ್ಲಿ ಕಿಂಗ್ ಫಹದ್ ಕಾಸ್‌ವೇ, ಸುಮಾರು 25 ಕಿಲೋಮೀಟರ್, ಸೌದಿಯನ್ನೂ ಕಾರಿನ ದೂರಕ್ಕೆ ತಂದಿತು. ಹೆಚ್ಚುಕಡಿಮೆ ಬೆಂಗಳೂರು ಮಹಾನಗರದಷ್ಟೇ ವಿಸ್ತೀರ್ಣದ ದೇಶ ಇದು. ಇಲ್ಲಿ ಯಾವ ಮನೆಯಿಂದ ಯಾವ ಕಚೇರಿಗೂ ದೂರ ಹೆಚ್ಚಿಲ್ಲ. ಆದರೂ ಊರನ್ನೆಲ್ಲ ಕಟ್ಟಿದ್ದು ಕಾರಿನ ಅಳತೆಗೆ.

ಕೆಲಸಗಾರರಿಗೆ ಮಾತ್ರ ಕಾರಿನ ಅಳತೆ ಅನ್ವಯಿಸಲಿಲ್ಲ. ಅವರು ಬಹುಕಾಲ ತೆರೆದ ಲಾರಿಗಳ ಹಿಂಭಾಗದಲ್ಲಿ ಕೂತು ಹೋದರು, ಜುಲೈ ಬಿಸಿಲಲ್ಲಿ, ಸಾಮಾನಿನ ಜೊತೆ ಸಾಮಾನಿನಂತೆ. ಅಪಘಾತದಲ್ಲಿ ಹೊರಗೆಸೆಯಲ್ಪಟ್ಟು ಸತ್ತವರಿದ್ದಾರೆ. 2009ರಲ್ಲಿ ಬಹರೈನ್ ತೆರೆದ ಲಾರಿಗಳಲ್ಲಿ ಜನರನ್ನು ಸಾಗಿಸುವುದನ್ನು ನಿಷೇಧಿಸಿದ ಮೇಲೆ ಬಸ್ಸುಗಳು ಬಂದವು. ಇದನ್ನು ನೆನಪಿನಲ್ಲಿಡಿ. ಹಂಚಿಕೊಂಡು ಪಯಣಿಸುವುದೆಂದರೆ ಅವಮಾನ ಎಂಬ ಭಾವನೆ ಆಕಾಶದಿಂದ ಉದುರಿದ್ದಲ್ಲ. ಹಂಚಿಕೊಂಡವರನ್ನು ನಾವು ಹಾಗೆ ನಡೆಸಿಕೊಂಡೆವು.

ಊರಿನ ಕಡೆ ಕತೆ ಸ್ವಲ್ಪ ಬೇರೆ. ನಮ್ಮ ಬಂಧುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರಾವಳಿಯವರು. ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ಸಿನ ಕಂಡಕ್ಟರು ಫುಟ್‌ಬೋರ್ಡಿನಲ್ಲಿ ನೇತಾಡುತ್ತ ಊರಿನ ಹೆಸರು ಕೂಗುವುದು ಯಾರಿಗೂ ಮರೆತಿರಲಿಕ್ಕಿಲ್ಲ. ಅಲ್ಲಿ ಖಾಸಗಿ ಬಸ್ಸೇ ರಾಜ. ಘಟ್ಟದ ಮೇಲೆ, ಹಳೆಯ ಮೈಸೂರಿನಲ್ಲಿ, 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಅದು 1961ರಲ್ಲಿ ನಿಗಮವಾಗಿ, 1973ರಲ್ಲಿ ರಾಜ್ಯದ ಹೊಸ ಹೆಸರಿನ ಜೊತೆಗೆ ಕೆಎಸ್‌ಆರ್‌ಟಿಸಿ ಆಯಿತು. ಬೆಂಗಳೂರಿನಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಹುಟ್ಟಿತ್ತು, 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬಿಟಿಎಸ್ ಮಾಡಿತು.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿಗಳ ಫ್ಯಾಕ್ಟರಿ ಬಸ್ಸು. ಮಲ್ಲೇಶ್ವರದ, ರಾಜಾಜಿನಗರದ, ಹಲಸೂರಿನ ಎಷ್ಟೋ ಮನೆಗಳಲ್ಲಿ ಗಡಿಯಾರವನ್ನು ಆ ಬಸ್ಸಿಗೆ ಹೊಂದಿಸುತ್ತಿದ್ದರು. ಎಂಜಿನಿಯರು, ಫಿಟ್ಟರು, ಗುಮಾಸ್ತ ಎಲ್ಲರೂ ಅದೇ ಬಸ್ಸಿನಲ್ಲಿ. ಫ್ಯಾಕ್ಟರಿ ಬಸ್ಸಿನಲ್ಲಿ ಹೋಗುವ ಹುಡುಗನೆಂದರೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದ ಕಾಲ ಅದು. ಅಂದರೆ ಹಂಚಿಕೊಂಡ ಸೀಟಿಗೆ ಮರ್ಯಾದೆ ಇತ್ತು. ಇಂಗಾಲ ಉಳಿಸಬೇಕೆಂದು ಅವರಾರೂ ಬಸ್ಸು ಹತ್ತಲಿಲ್ಲ. ಸಮಯಕ್ಕೆ ಬರುತ್ತಿತ್ತು, ಮನೆ ಹತ್ತಿರ ನಿಲ್ಲುತ್ತಿತ್ತು, ಹತ್ತಿದರೆ ಹೆಮ್ಮೆಯಿತ್ತು. ಅಷ್ಟೇ ಸಾಕಾಗಿತ್ತು.

ಈಗ 1973ಕ್ಕೆ ಬನ್ನಿ. ಆ ವರ್ಷದ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು, ಬೆಲೆ ಏರಿತು, ಗಲ್ಫ್‌ಗೆ ಹಣ ಹರಿಯಿತು, ಆ ಹಣ ಕಟ್ಟಡಗಳಾಗಿ, ಕಟ್ಟಡಗಳಿಗೆ ಕೈಗಳು ಬೇಕಾಗಿ, ನಮ್ಮ ತಂದೆ-ಚಿಕ್ಕಪ್ಪಂದಿರು ಬೊಂಬಾಯಿಯ ಏಜೆಂಟರ ಕಚೇರಿಯ ಮುಂದೆ ಸಾಲು ನಿಂತರು. ನಾವು ಈ ಸಭೆಯಲ್ಲಿ ಕೂತಿರುವುದಕ್ಕೆ ಆ ಬಿಕ್ಕಟ್ಟು ಒಂದು ಕಾರಣ. ಅದೇ ವರ್ಷ ಅಮೆರಿಕದ ಮಿನ್ನೆಸೋಟದಲ್ಲಿ 3ಎಂ ಎಂಬ ಕಂಪನಿ ತನ್ನ ನೌಕರರಿಗಾಗಿ ಆರು ವ್ಯಾನುಗಳನ್ನು ಬಿಟ್ಟಿತು. ನೌಕರರಲ್ಲೇ ಒಬ್ಬ ಚಾಲಕ, ಅವನಿಗೆ ಪ್ರಯಾಣ ಉಚಿತ, ಉಳಿದವರು ಖರ್ಚು ಹಂಚಿಕೊಳ್ಳುತ್ತಾರೆ. ಸ್ವಾರಸ್ಯವೆಂದರೆ ಕಂಪನಿ ಇದನ್ನು ಮಾಡಿದ್ದು ತೈಲ ಬಿಕ್ಕಟ್ಟಿಗೆ ಕೆಲವು ತಿಂಗಳು ಮೊದಲೇ, ಪಾರ್ಕಿಂಗ್ ಜಾಗ ಸಾಲದೆ! ಬಿಕ್ಕಟ್ಟು ಬಂದಾಗ ವ್ಯವಸ್ಥೆ ತಯಾರಿತ್ತು, ಬೇರೆ ಕಂಪನಿಗಳೂ ಅದನ್ನು ನೋಡಿ ಅನುಸರಿಸಿದವು.

1975ರಲ್ಲಿ ಸಿಂಗಪುರ ಇನ್ನೊಂದು ಹೆಜ್ಜೆ ಇಟ್ಟಿತು. ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ನಗರದ ನಡುಭಾಗಕ್ಕೆ ಕಾರು ತರಬೇಕಾದರೆ ದಿನಕ್ಕೆ ಮೂರು ಸಿಂಗಪುರ ಡಾಲರ್ ಕೊಟ್ಟು ಪರವಾನಗಿ ಚೀಟಿ ಕೊಳ್ಳಬೇಕು. ಕಾರಿನಲ್ಲಿ ನಾಲ್ಕು ಜನ ಇದ್ದರೆ ಬೇಡ. ಆಮೇಲೆ ಏನಾಯಿತೆಂದರೆ, ಕಾರಿನವರು ಬಸ್‌ಸ್ಟಾಪಿನಲ್ಲಿ ನಿಂತ ಅಪರಿಚಿತರನ್ನೇ ಹತ್ತಿಸಿಕೊಳ್ಳತೊಡಗಿದರು. ಚೀಟಿಯ ದುಡ್ಡು ಉಳಿಯಿತು, ಇವರಿಗೆ ಬಸ್ ಚಾರ್ಜು ಉಳಿಯಿತು. ಸರ್ಕಾರ 1989ರಲ್ಲಿ ಆ ವಿನಾಯಿತಿ ತೆಗೆಯಿತು. ಆದರೆ ಹದಿನಾಲ್ಕು ವರ್ಷ ಒಂದು ದೇಶದ ಕಾನೂನು ಖಾಲಿ ಸೀಟಿಗೆ ಬೆಲೆ ಕಟ್ಟಿತ್ತು ಎಂಬುದು ನನ್ನಂಥ ಲೆಕ್ಕಿಗನಿಗೆ ರೋಮಾಂಚನದ ಸಂಗತಿ.

ಇನ್ನು ಸ್ವಲ್ಪ ಅಂಕಿ. ಕಾಗದ-ಪೆನ್ನು ಬೇಡ, ನಿಧಾನವಾಗಿ ಹೇಳುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಡೀಸೆಲ್ ಆದರೆ ಸುಮಾರು 2.7 ಕಿಲೋ. ಲೀಟರಿಗೆ ಹತ್ತು ಕಿಲೋಮೀಟರ್ ಕೊಡುವ ಕಾರು, ದಿನಕ್ಕೆ ಹೋಗಿಬರಲು ಮೂವತ್ತು ಕಿಲೋಮೀಟರ್, ತಿಂಗಳಿಗೆ 26 ಕೆಲಸದ ದಿನ ಎಂದು ಇಟ್ಟುಕೊಳ್ಳಿ. 780 ಕಿಲೋಮೀಟರ್, 78 ಲೀಟರ್, ಸುಮಾರು 180 ಕಿಲೋ. ಒಬ್ಬನೇ ಹೋದರೆ ಅಷ್ಟೂ ಅವನ ಖಾತೆಗೆ. ನಾಲ್ಕು ಜನ ಹೋದರೆ ತಲಾ 45. ಇನ್ನು ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವ ಕಂಪನಿ ಬಸ್ಸಿನಲ್ಲಿ 25 ಜನ ಕೂತರೆ ತಲಾ ಕೇವಲ 21 ಕಿಲೋ. ಬಸ್ಸು ಬಿಟ್ಟುಬಂದ ಮೇಲೆ ಖಾಲಿ ಹಿಂದಿರುಗುತ್ತದಲ್ಲ ಎಂದು ಯಾರಾದರೂ ಆಡಿಟ್ ಆಕ್ಷೇಪ ಎತ್ತಬಹುದು. ಸರಿ, ದುಪ್ಪಟ್ಟು ಮಾಡಿ, 42. ಆಗಲೂ ಒಂಟಿ ಕಾರಿನ ಕಾಲುಭಾಗಕ್ಕಿಂತ ಕಡಿಮೆ.

ಎಲೆಕ್ಟ್ರಿಕ್ ಕಾರು ಬಂದರೆ ಎಲ್ಲ ಮುಗಿಯಿತು ಎನ್ನುವವರಿದ್ದಾರೆ. ಅದು ಒಳ್ಳೆಯದೇ, ಬೇಡ ಎನ್ನುವುದಿಲ್ಲ. 2001ರಲ್ಲೇ ರೇವಾ ಕಾರು ಹೊರತಂದ ಊರು ಬೆಂಗಳೂರು, ಲಂಡನ್ನಿನ ಬೀದಿಗಳಲ್ಲೂ ಅದು ಓಡಿತು. 2014ರ ಫೆಬ್ರವರಿಯಲ್ಲಿ ಮೆಜೆಸ್ಟಿಕ್-ಕಾಡುಗೋಡಿ ನಡುವಿನ 335ಇ ಮಾರ್ಗದಲ್ಲಿ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸನ್ನೂ ಪರೀಕ್ಷಿಸಿತು. ಆದರೆ ಬಹರೈನ್‌ನ ಕರೆಂಟು ಬಹುಪಾಲು ನೈಸರ್ಗಿಕ ಅನಿಲದಿಂದ ಬರುವುದು. ಯೂನಿಟ್ಟಿಗೆ ಅರ್ಧ ಕಿಲೋ ಎಂದು ಹಿಡಿದರೂ, ನೂರು ಕಿಲೋಮೀಟರಿಗೆ 18 ಯೂನಿಟ್ ಕುಡಿಯುವ ಎಲೆಕ್ಟ್ರಿಕ್ ಕಾರು ಕಿಲೋಮೀಟರಿಗೆ 90 ಗ್ರಾಂ. ಒಂಟಿ ಪೆಟ್ರೋಲ್ ಕಾರಿನ 230 ಗ್ರಾಂಗೆ ಹೋಲಿಸಿದರೆ ಬಹಳ ಮೇಲು. ನಾಲ್ವರು ಕೂತ ಹಳೆಯ ಪೆಟ್ರೋಲ್ ಕೊರೊಲ್ಲಾಗೆ ಹೋಲಿಸಿದರೆ? ಅಲ್ಲಿ ತಲಾ 57 ಗ್ರಾಂ. ಹೊಸ ಕಾರು ಕೊಳ್ಳಲು ಶಕ್ತಿಯಿಲ್ಲದವರ ಕೈಯಲ್ಲೂ ಒಂದು ಹತ್ಯಾರ ಇದೆ ಎಂದಷ್ಟೇ ನನ್ನ ಮಾತು.

ಈಗ ನನ್ನ ವೃತ್ತಿಯ ಒಳಗಿನ ಒಂದು ವಿಷಯ. ಕಂಪನಿಗಳು ತಮ್ಮ ಹಸಿರುಮನೆ ಅನಿಲದ ಲೆಕ್ಕ ಬರೆಯುವುದಕ್ಕೆ 2001ರಲ್ಲಿ ಜಿಎಚ್‌ಜಿ ಪ್ರೋಟೋಕಾಲ್ ಎಂಬ ಮಾನದಂಡ ಬಂತು. ಅದರಲ್ಲಿ ಮೂರು ಖಾನೆ. ಕಂಪನಿಯ ಸ್ವಂತ ವಾಹನ, ಸ್ವಂತ ಬಾಯ್ಲರು ಉರಿಸಿದ್ದು ಸ್ಕೋಪ್ 1. ಕೊಂಡ ವಿದ್ಯುತ್ತಿನದು ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3. ನೌಕರರು ತಮ್ಮ ಕಾರಿನಲ್ಲಿ ಕೆಲಸಕ್ಕೆ ಬಂದುಹೋಗುವುದು ಈ ಮೂರನೆಯದರಲ್ಲಿ, ಅದರ ಹದಿನೈದು ವರ್ಗಗಳಲ್ಲಿ ಏಳನೆಯದು. ಭಾರತದಲ್ಲಿ ಸೆಬಿಯ ಬಿಆರ್‌ಎಸ್‌ಆರ್ ವರದಿಯಲ್ಲಿ ಮೊದಲೆರಡು ಖಾನೆ ಅತ್ಯಗತ್ಯ ಸೂಚಕ, ಮೂರನೆಯದು ಇಷ್ಟವಿದ್ದರೆ ಕೊಡುವುದು. 2023ರ ಐಎಫ್‌ಆರ್‌ಎಸ್ ಎಸ್2 ಮಾನದಂಡ ಮೂರನೆಯದನ್ನೂ ಕೇಳುತ್ತದೆ, ಆದರೆ ಅದನ್ನು ಅಳವಡಿಸಿಕೊಂಡ ಕಡೆ ಮಾತ್ರ.

ಇದರ ಪರಿಣಾಮ ನೋಡಿ. ಹೆಸರು ಬೇಡ, ಗಲ್ಫ್‌ನ ಒಂದು ಸಂಸ್ಥೆಯ ಲೆಕ್ಕ ನೋಡಲು ನಾನು ಹೋಗಿದ್ದೆ. ಅವರ ಬಳಿ ನೌಕರರಿಗಾಗಿ ಸ್ವಂತ ಬಸ್ಸುಗಳಿದ್ದವು. ಚಾಲಕ, ವಿಮೆ, ರಿಪೇರಿಯ ಖರ್ಚು ಉಳಿಸಲು ಬಸ್ಸು ಮಾರಿ, ಎಲ್ಲರಿಗೂ ಸಾರಿಗೆ ಭತ್ಯೆ ಕೊಟ್ಟರು. ಮುಂದಿನ ವರ್ಷದ ವರದಿಯಲ್ಲಿ ವಾಹನ ಇಂಧನದ ಸಾಲು ಬಹುತೇಕ ಸೊನ್ನೆ, ಸ್ಕೋಪ್ 1 ಇಳಿಕೆ, ಅದರ ಪಕ್ಕ ಹಸಿರು ಬಣ್ಣದ ಬಾಣ. ವಾಸ್ತವದಲ್ಲಿ ಏನಾಗಿತ್ತು? ಭತ್ಯೆ ಸೇರಿಸಿ ಕೆಲವರು ಹಳೆ ಕಾರು ಕೊಂಡಿದ್ದರು, ಕೆಲವರು ಸಿಕ್ಕವರ ಕಾರಿನಲ್ಲಿ ತಿಂಗಳ ಲೆಕ್ಕದಲ್ಲಿ ಬರುತ್ತಿದ್ದರು, ಭತ್ಯೆಯನ್ನು ಊರಿಗೆ ಕಳಿಸಿ ಸೈಕಲ್ಲಿನಲ್ಲಿ ಹೆದ್ದಾರಿ ಬದಿ ಬರುವವರೂ ಇದ್ದರು. ಒಟ್ಟು ಹೊಗೆ ಹೆಚ್ಚಾಗಿತ್ತು, ಪುಸ್ತಕದಲ್ಲಿ ಕಡಿಮೆಯಾಗಿತ್ತು. ನಿಯಮದ ಪ್ರಕಾರ ತಪ್ಪೇನೂ ಇರಲಿಲ್ಲ. ಏಳನೆಯ ವರ್ಗವನ್ನೂ ಅಂದಾಜಿಸಿ ಸೇರಿಸಿ ಎಂದು ಟಿಪ್ಪಣಿ ಬರೆದೆ. ಅದು ಕಡ್ಡಾಯವಲ್ಲ ಎಂಬ ಉತ್ತರ ಬಂತು. ಸರಿಯಾದ ಉತ್ತರವೇ.

ಕ್ಯಾಂಪಿನ ಬಸ್ಸಿನಲ್ಲಿ ಬರುವವನಿಗೆ ಯಾವ ವರದಿಯೂ ಜಮಾ ಕೊಡುವುದಿಲ್ಲ. ಅವನ ಬಸ್ಸು ಹೊಗೆಯ ಖಾತೆಗೆ ಖರ್ಚಾಗಿ ಬೀಳುತ್ತದೆ, ಮ್ಯಾನೇಜರನ ಕಾರು ಎಲ್ಲೂ ಬೀಳುವುದಿಲ್ಲ. ನನ್ನನ್ನು ಈ ವಿಷಯಕ್ಕೆ ಎಳೆದದ್ದು ಇದು.

ಬೆಲೆ ಏರಿಸಿದರೆ ಜನ ಕಾರು ಬಿಡುತ್ತಾರೆ ಎಂಬ ವಾದವೂ ಇದೆ. ನಮ್ಮ ಕಣ್ಣೆದುರೇ ಅದರ ಪರೀಕ್ಷೆ ಆಗಿದೆ. ದಶಕಗಳ ಕಾಲ ಅಲುಗದಿದ್ದ ಪೆಟ್ರೋಲ್ ದರವನ್ನು 2016ರ ಜನವರಿಯಲ್ಲಿ ಬಹರೈನ್ ಏರಿಸಿತು. ಜಯ್ಯಿದ್ 80 ಫಿಲ್ಸ್‌ನಿಂದ 125ಕ್ಕೆ, ಮುಮ್ತಾಜ್ 100ರಿಂದ 160ಕ್ಕೆ. ಹಿಂದಿನ ರಾತ್ರಿ ಪಂಪುಗಳ ಮುಂದೆ ಎಷ್ಟು ಉದ್ದದ ಸಾಲಿತ್ತು, ನಿಮಗೆ ನೆನಪಿರಬೇಕು. 2018ರಲ್ಲಿ ಮತ್ತೆ ಏರಿ 140 ಮತ್ತು 200 ಆಯಿತು. ನಾನು ಹೇಳಿದ 78 ಲೀಟರಿನ ಲೆಕ್ಕಕ್ಕೆ 2016ರ ಏರಿಕೆ ತಂದ ಹೆಚ್ಚುವರಿ ಹೊರೆ ತಿಂಗಳಿಗೆ ಮೂರೂವರೆ ದಿನಾರ್. ಮನೆಮಂದಿ ಹೊರಗೆ ಒಂದು ಹೊತ್ತು ಊಟ ಮಾಡಿದರೆ ಅಷ್ಟಾಗುತ್ತದೆ. ಕಾರು ಬಿಟ್ಟವರನ್ನು ನಾನು ಕಾಣೆ.

2015ರ ಫೆಬ್ರವರಿಯಲ್ಲಿ ಹೊಸ ಕೆಂಪು ಬಸ್ಸುಗಳು ಬಂದಿದ್ದವು, ಎಸಿ ಇದ್ದ ಒಳ್ಳೆಯ ಬಸ್ಸುಗಳು. ನಗದು ಟಿಕೆಟ್ 300 ಫಿಲ್ಸ್ ಇತ್ತು. ದಿನಕ್ಕೆ ಎರಡು, 26 ದಿನ, 15 ದಿನಾರ್ 600 ಫಿಲ್ಸ್. 2018ರ ದರದಲ್ಲೂ ಕಾರಿನ ಪೆಟ್ರೋಲ್ 10 ದಿನಾರ್ 920 ಫಿಲ್ಸ್. ಕಾರು ಆಗಲೇ ಮನೆ ಮುಂದೆ ನಿಂತಿದ್ದರೆ ಯಾವನು ಬಸ್ಸು ಹತ್ತುತ್ತಾನೆ? ಕಾರಿನ ಸವಕಳಿ, ವಿಮೆ, ಬ್ಯಾಂಕಿನ ಕಂತು ಸೇರಿಸಿದರೆ ಬಸ್ಸೇ ಅಗ್ಗ. ಆದರೆ ಕೊಟ್ಟುಬಿಟ್ಟ ದುಡ್ಡನ್ನು ದಿನ ಬೆಳಗಾದರೆ ಲೆಕ್ಕ ಹಾಕುವವರು ಯಾರೂ ಇಲ್ಲ, ಲೆಕ್ಕಿಗರೂ ಹಾಕುವುದಿಲ್ಲ.

ಹಾಗಾಗಿ ಜನ ಬಸ್ಸು ಹತ್ತುವ ನಿರ್ಧಾರ ಆಗುವುದು ಕಾರು ಕೊಳ್ಳುವ ಮುಂಚೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಅದರ ಆರ್ಥಿಕ ಸಾಧಕಬಾಧಕದ ಬಗ್ಗೆ ಇಲ್ಲಿ ಜಗಳ ಬೇಡ, ಊಟದ ಹೊತ್ತಿಗೆ ಇಟ್ಟುಕೊಳ್ಳೋಣ. ನನಗೆ ಕಾಣುವುದು ಇಷ್ಟು: ಬಸ್ಸಿಗೆ ಒಗ್ಗಿಕೊಂಡವರು ಸ್ಕೂಟರಿಗೆ ಸಾಲ ಮಾಡುವುದನ್ನು ಮುಂದೂಡುತ್ತಾರೆ. ಬಿಎಂಟಿಸಿ 2010ರ ಫೆಬ್ರವರಿ 4ರಂದು ಶುರುಮಾಡಿದ ‘ಬಸ್ ಡೇ’ ತಿಂಗಳಿಗೆ ಒಂದೇ ದಿನದ್ದಾಗಿತ್ತು, ಕಾರು ಇದ್ದವರನ್ನು ಒಂದು ದಿನ ಬಿಡಿ ಎಂದು ಕೇಳುತ್ತಿತ್ತು. ಒಳ್ಳೆಯ ಉದ್ದೇಶ, ಆದರೆ ತಿಂಗಳ ಉಳಿದ ದಿನ ಅಭ್ಯಾಸವೇ ಗೆಲ್ಲುತ್ತದೆ. ಮೈಸೂರಿನಲ್ಲಿ 2017ರ ಜೂನ್ 4ರಂದು ಬಂದ ‘ಟ್ರಿಣ್ ಟ್ರಿಣ್’ನ 450 ಸೈಕಲ್ಲುಗಳು, ಹುಬ್ಬಳ್ಳಿ-ಧಾರವಾಡದಲ್ಲಿ 2018ರ ಅಕ್ಟೋಬರಿನಿಂದ ತನ್ನದೇ ದಾರಿಯಲ್ಲಿ ಓಡುವ ‘ಚಿಗರಿ’ ಬಸ್ಸು, ಇವು ದಿನನಿತ್ಯಕ್ಕೆ ಸಿಗುವಂತೆ ಮಾಡಿದಂಥವು. ಹುಬ್ಬಳ್ಳಿಯವರು ಚಿಗರಿಯ ಬಗ್ಗೆ ಬೈದುಕೊಳ್ಳುತ್ತಲೇ ಅದರಲ್ಲಿ ಹೋಗುತ್ತಾರೆ. ಬೈದರೂ ಹತ್ತುತ್ತಾರಲ್ಲ, ಸಾರಿಗೆಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಗೊತ್ತಿಲ್ಲ.

ಬಹರೈನ್ 2035ರೊಳಗೆ ಶೇಕಡಾ 30ರಷ್ಟು ಇಳಿಕೆ, 2060ಕ್ಕೆ ನಿವ್ವಳ ಸೊನ್ನೆ ಎಂದು 2021ರಲ್ಲಿ ಘೋಷಿಸಿದೆ. ಮೆಟ್ರೋ ಯೋಜನೆಯೂ ಕಾಗದದ ಮೇಲಿದೆ. ಅದೆಲ್ಲ ಸರ್ಕಾರದ ಕೆಲಸ, ನಾವು ಅತಿಥಿಗಳು, ಸಲಹೆ ಕೊಡುವ ಸ್ಥಾನದಲ್ಲಿಲ್ಲ. ಆದರೆ ಈ ಸಭೆಯಲ್ಲಿ ಮ್ಯಾನೇಜರುಗಳಿದ್ದೀರಿ, ಎಚ್‌ಆರ್‌ನವರಿದ್ದೀರಿ, ಸಣ್ಣ ಕಂಪನಿಗಳ ಮಾಲೀಕರಿದ್ದೀರಿ. ನಿಮ್ಮಲ್ಲಿ ನನ್ನ ಮನವಿ ಎರಡು. ಒಂದು, ಬಸ್ಸು ನಿಲ್ಲಿಸುವ ಪ್ರಸ್ತಾಪ ಮೇಜಿನ ಮೇಲೆ ಬಂದಾಗ, ಭತ್ಯೆಯ ಜೊತೆಗೆ ರಸ್ತೆಗಿಳಿಯುವ ಕಾರುಗಳ ಅಂದಾಜನ್ನೂ ಅದೇ ಕಾಗದದಲ್ಲಿ ಬರೆಸಿ. ಎರಡು, ಇರುವ ಬಸ್ಸಿಗೆ ಸರಿಯಾದ ಎಸಿ, ಕೂರಲು ಮೆತ್ತನೆಯ ಸೀಟು, ಸಮಯಕ್ಕೆ ಸರಿಯಾದ ಓಟ ಕೊಡಿ, ಮತ್ತು ವಾರಕ್ಕೆ ಒಂದು ದಿನ ನೀವೂ ಅದರಲ್ಲಿ ಬನ್ನಿ. ಫ್ಯಾಕ್ಟರಿ ಬಸ್ಸಿನಲ್ಲಿ ಎಂಜಿನಿಯರ್ ಕೂರುತ್ತಿದ್ದುದರಿಂದಲೇ ಅದು ಸಮಯಕ್ಕೆ ಬರುತ್ತಿತ್ತು ಎಂದು ನನ್ನ ಅನುಮಾನ.

ಕಾರು ಇರುವ ಉಳಿದವರಿಗೆ ಒಂದು ಎಚ್ಚರಿಕೆ. ಪರವಾನಗಿ ಇಲ್ಲದೆ ದುಡ್ಡು ಪಡೆದು ಜನರನ್ನು ಕರೆದೊಯ್ಯುವುದು ಇಲ್ಲಿ ಅಪರಾಧ. ಬೆಂಗಳೂರಿನಲ್ಲೂ 2023ರಲ್ಲಿ ಬಿಳಿ ಬೋರ್ಡಿನ ಕಾರುಗಳ ಕಾರ್‌ಪೂಲಿಂಗ್ ಬಗ್ಗೆ ಇದೇ ತಕರಾರು ಎದ್ದಿತ್ತು. ಕಾನೂನಿಗೆ ಟ್ಯಾಕ್ಸಿಯವರ ಹೊಟ್ಟೆಪಾಡಿನ ಕಾರಣವಿದೆ, ಅದನ್ನು ಗೌರವಿಸೋಣ. ದುಡ್ಡಿಲ್ಲದೆ, ಸ್ನೇಹದಲ್ಲಿ, ಸರದಿಯ ಮೇಲೆ ಹೋಗಿಬರುವುದು ಬೇರೆ ಮಾತು: ಈ ವಾರ ನನ್ನ ಕಾರು, ಮುಂದಿನ ವಾರ ನಿಮ್ಮದು.

ಅದಕ್ಕಾಗಿ ಹೊರಬಾಗಿಲ ಬಳಿ, ಕಾಫಿ ಮೇಜಿನ ಪಕ್ಕ, ಒಂದು ರಿಜಿಸ್ಟರ್ ಇಟ್ಟಿದ್ದೇನೆ. ನಾಲ್ಕು ಕಾಲಮ್ಮು: ಮನೆ ಯಾವ ಕಡೆ, ಕೆಲಸ ಯಾವ ಕಡೆ, ಎಷ್ಟು ಗಂಟೆಗೆ ಹೊರಡುತ್ತೀರಿ, ಎಷ್ಟು ಸೀಟು ಖಾಲಿ. ಕಾರು ಇಲ್ಲದವರು ಕೊನೆಯ ಕಾಲಮ್ಮಿನಲ್ಲಿ ‘ಬೇಕು’ ಎಂದು ಬರೆಯಿರಿ, ಸಂಕೋಚ ಬೇಡ. ರಾಜ್ಯೋತ್ಸವದ ತಾಲೀಮಿಗೆ ಬರುವ ಮಕ್ಕಳ ತಂದೆತಾಯಂದಿರಿಗೆ ಇನ್ನೊಂದು ಪುಟವಿದೆ. ಮೊದಲ ಸಾಲಿನಲ್ಲಿ ನನ್ನ ಹೆಸರಿದೆ: ಈಸಾ ಟೌನ್‌ನಿಂದ ಸಲ್ಮಾಬಾದ್, ಬೆಳಿಗ್ಗೆ 6:40, ಮೂರು ಸೀಟು.